ಪುಟ್ಟ ನಕ್ಷತ್ರಮೀನಿನ ಬೆನ್ನು ಏಕೆ ಬಾಗಿದೆ

ಭೂಮಿ ಇನ್ನೂ ಹಸಿಹಸಿಯಾಗಿತ್ತು. ತೆಂಕಣದ ತುತ್ತತುದಿಯಲ್ಲಿ ಮಂಜುಗಡ್ಡೆಗಳು ಆಗಷ್ಟೇ ತೇಲುವುದನ್ನು ಕಲಿಯುತ್ತಿದ್ದವು. ಅಲ್ಲಿನ ಕಡಲಿನಲ್ಲಿ, ಒಂದು ಕಪ್ಪು ಬಂಡೆಯ ಮೇಲೆ, ಚುಕ್ಕಿ ಎಂಬ ನಕ್ಷತ್ರಮೀನು ಇದ್ದಳು. ಐದು ತೋಳು, ಒಟ್ಟು ಅಗಲ ನಿನ್ನ ಹೆಬ್ಬೆರಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಆ ಕಾಲದಲ್ಲಿ ಕಡಲಿನ ತಾಯಂದಿರಿಗೆಲ್ಲ ಒಂದೇ ಪದ್ಧತಿ. ಚಳಿಗಾಲದ ಕತ್ತಲು ಕಳೆದು ಮೊದಲ ಬಿಸಿಲು ನೀರಿಗಿಳಿದ ದಿನ ಎಲ್ಲರೂ ಬಂಡೆಯ ನೆತ್ತಿ ಹತ್ತಬೇಕು, ತಮ್ಮ ಮೊಟ್ಟೆಗಳನ್ನು ಹೊನಲಜ್ಜನ ಕೈಗೊಪ್ಪಿಸಬೇಕು. ಹೊನಲಜ್ಜ ಎಂದರೆ ಭೂಮಿಯನ್ನು ಸುತ್ತುತ್ತಲೇ ಇರುವ ದೊಡ್ಡ ಹರಿವು. ಅವನು ಮಕ್ಕಳನ್ನು ಹೊತ್ತೊಯ್ದು ಸಾಕುತ್ತಾನೆಂದು ಎಲ್ಲರ ನಂಬಿಕೆ.

ಚುಕ್ಕಿಯೂ ಹತ್ತಿದಳು. ತೋಳುಗಳ ತುದಿಯ ಮೇಲೆ ಎದ್ದು ನಿಂತಳು. ಆದರೆ ಕೊಡುವ ಮೊದಲು ಕೇಳಿದಳು: "ಅಜ್ಜಾ, ಹೋದ ವರ್ಷ ಒಯ್ದ ನನ್ನ ಮಕ್ಕಳು ಎಲ್ಲಿದ್ದಾರೆ?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಹೊನಲಜ್ಜನಿಗೆ ಸುಳ್ಳು ಬಾರದು.

"ಗೊತ್ತಿಲ್ಲ ತಾಯಿ. ನನಗೆ ಹಿಂತಿರುಗಿ ನೋಡಲು ಬರುವುದಿಲ್ಲ. ಇಲ್ಲಿನ ಚಳಿಗೆ ಎಷ್ಟೋ ಮಕ್ಕಳು ನನ್ನ ಕೈಯಲ್ಲೇ ಹೆಪ್ಪುಗಟ್ಟಿಬಿಡುತ್ತವೆ."

ಚುಕ್ಕಿ ಮೊಟ್ಟೆಗಳನ್ನು ಬಿಡಲಿಲ್ಲ. ನಿಂತ ನಿಲುವಿನಲ್ಲೇ ಬೆನ್ನು ಬಾಗಿಸಿ, ಐದೂ ತೋಳುಗಳನ್ನು ಒಳಕ್ಕೆ ಮಡಿಸಿ, ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಕೂಡಿಸಿಕೊಂಡಳು.

ಪಕ್ಕದಲ್ಲಿದ್ದ ಕಪ್ಪೆಚಿಪ್ಪಿನ ಮುದುಕಿ ನೀಲವ್ವ ನಕ್ಕಳು. ನಕ್ಷತ್ರಮೀನುಗಳಿಗೆ ಕಪ್ಪೆಚಿಪ್ಪೇ ಊಟ. ಆ ಹೆದರಿಕೆಗೆ ಅವಳು ಎಂದೂ ಚಿಪ್ಪನ್ನು ಪೂರ್ತಿ ತೆರೆದವಳಲ್ಲ. ಈಗ ಅಗಲವಾಗಿ ತೆರೆದಳು.

"ಮಡಿಲೇ ಇಲ್ಲದವಳಿಗೆ ಮಡಿಲ ಮಕ್ಕಳ ಆಸೆ ನೋಡಿ. ನಿನ್ನ ಬಾಯಿ ಇರುವುದೇ ಹೊಟ್ಟೆಯ ಕೆಳಗೆ ಕಣೇ. ಮಕ್ಕಳನ್ನು ಅಲ್ಲಿಟ್ಟುಕೊಂಡು ಉಣ್ಣುವುದು ಹೇಗೆ? ನಾಲ್ಕು ದಿನ ಹಸಿದರೆ ಅವರನ್ನು ಬಿಟ್ಟು ನನ್ನ ಬಾಗಿಲಿಗೇ ಬರುತ್ತೀ."

ನಾಲ್ಕು ದಿನ ಕಳೆಯಿತು. ನಲವತ್ತು ಕಳೆಯಿತು. ಚುಕ್ಕಿ ತೋಳು ಬಿಚ್ಚಲಿಲ್ಲ. ಮಂಜುಗಡ್ಡೆಯೊಂದು ಬಂಡೆಯನ್ನು ಉಜ್ಜಿಕೊಂಡು ಹೋಯಿತು, ಬಿಚ್ಚಲಿಲ್ಲ. ನೀಲವ್ವ ಕೈಗೆಟಕುವಷ್ಟು ಹತ್ತಿರದಲ್ಲಿ ಚಿಪ್ಪು ತೆರೆದು ಕುಳಿತು, ತಾನೆಷ್ಟು ರುಚಿ ಎಂದು ಹೇಳಿಕೊಂಡಳು, ಆಗಲೂ ಬಿಚ್ಚಲಿಲ್ಲ. ಚುಕ್ಕಿಯ ತೋಳುಗಳು ನೂಲಿನಂತೆ ಸೊರಗಿದವು.

ಆಗ ನೀಲವ್ವನ ನಗು ನಿಂತಿತು. ಅಷ್ಟು ಪುಟ್ಟ ಮೈ ಅಷ್ಟು ದೊಡ್ಡ ಹಸಿವನ್ನು ತಡೆದುಕೊಂಡದ್ದನ್ನು ಕಂಡು, ಅವಳು ಮೆಲ್ಲಮೆಲ್ಲನೆ ಸರಿದು ಬಂದು, ಕೊರೆಯುವ ನೀರು ತಾಗದಂತೆ ಚುಕ್ಕಿಗೆ ಅಡ್ಡವಾಗಿ ಕುಳಿತಳು. ಹೊನಲಜ್ಜ ಕೂಡ ಆ ಬಂಡೆಯ ಬಳಿ ನಡಿಗೆ ನಿಧಾನ ಮಾಡಿದ. ಭೂಮಿ ಹುಟ್ಟಿದ ಮೇಲೆ ಅವನು ಯಾರಿಗಾಗಿಯೂ ನಿಧಾನಿಸಿದವನಲ್ಲ.

ಒಂದು ಬೆಳಗ್ಗೆ ಚುಕ್ಕಿಯ ತೋಳುಗಳ ಸಂದಿಯಿಂದ ಸಾಸಿವೆಯಷ್ಟು ಚಿಕ್ಕ ನಕ್ಷತ್ರವೊಂದು ನಡೆದು ಹೊರಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಪ್ರತಿಯೊಂದಕ್ಕೂ ಐದೈದು ತೋಳು. ಲೆಕ್ಕವಿಲ್ಲದಷ್ಟು ಮಕ್ಕಳನ್ನು ಹೊತ್ತಿದ್ದ ಹೊನಲಜ್ಜ, ಒಂದು ಮಗು ನಡೆಯುವುದನ್ನು ಕಂಡದ್ದು ಅಂದೇ ಮೊದಲು.

ಅದಕ್ಕೇ ಆ ತಣ್ಣನೆಯ ಕಡಲಿನ ಪುಟ್ಟ ನಕ್ಷತ್ರಮೀನು ಮಕ್ಕಳು ನಡೆಯುವವರೆಗೂ ಊಟ ಮುಟ್ಟುವುದಿಲ್ಲ; ಅಲ್ಲಿನ ತಿಳಿನೀರಿಗೆ ಬಗ್ಗಿ ನೋಡಿದರೆ ಬೆನ್ನು ಗೂನಾಗಿಸಿ ನಿಂತ ತಾಯಿಯೂ, ಅವಳಿಗೆ ಒತ್ತಿಕೊಂಡೇ ಹೆದರಿಕೆಯಿಲ್ಲದೆ ಚಿಪ್ಪು ತೆರೆದು ಕುಳಿತ ಕಪ್ಪೆಚಿಪ್ಪೂ ಇಂದಿಗೂ ಕಾಣುತ್ತವೆ.