ಮೂಗಿನ ಕೆಳಗಿನ ಬೀಳು

"ಆನೆ ಲಾಯ ಮೊದಲು, ಆನೆ ಆಮೇಲೆ!" ಎಂದು ಕೋಡಿಗಲ್ಲಿನ ಪಾಳೆಯಗಾರ ಕದರಪ್ಪನಾಯಕ ತುಂಬಿದ ಚಾವಡಿಯಲ್ಲಿ ತೊಡೆ ತಟ್ಟಿದ. "ಸುತ್ತಮುತ್ತ ಯಾವ ಪಾಳೆಯಪಟ್ಟಿನಲ್ಲೂ ಅಂಥ ಲಾಯ ಇರಬಾರದು!"

ಆನೆ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಅರಮನೆ ಅನ್ನ ಉಣ್ಣುವ ಬಾಯಿ ಅಂಥದ್ದನ್ನೆಲ್ಲ ಕೇಳುವುದಿಲ್ಲ.

ಲಾಯಕ್ಕೆ ಮರ ಬೇಕು. ಹುಣಸೇಕಟ್ಟೆಯ ದೇವರಕಾಡಿನಲ್ಲಿ ಮರ ಬೇಕಾದಷ್ಟಿತ್ತು, ನಾಯಕನ ಕಣ್ಣು ಅಲ್ಲಿಗೇ ಬಿತ್ತು. ಆ ಕಾಡು ಯಾರೊಬ್ಬರ ಸ್ವತ್ತೂ ಅಲ್ಲ, ಊರ ಹತ್ತು ಸಮಸ್ತರದು. ಬಿದ್ದ ಪುಳ್ಳೆ ಆಯಬಹುದು, ನಿಂತ ಮರಕ್ಕೆ ಕೊಡಲಿ ತಾಗಿಸುವ ಹಾಗಿಲ್ಲ ಅಂತ ಹಿರಿಯರ ಕಾಲದ ಕಟ್ಟು. ಕಾಡಿನ ಬುಡದಲ್ಲಿ ಒಸರುವ ನೀರೇ ಊರಿಗೆ ಕುಡಿಯಲು. ಕಾಡು ಹೋದರೆ ಒರತೆ ಹೋಯಿತು, ಒರತೆ ಹೋದರೆ ಊರಿಗೆ ಊರೇ ಗುಳೆ.

ಚಾವಡಿಯಲ್ಲಿ ಇದರ ಬಿಸಿ ತಟ್ಟಿದ್ದು ತಿಪ್ಪಮ್ಮನಿಗೆ. ನಾಯಕನಿಗೆ ವೀಳ್ಯ ಮಡಿಸಿ ಕೊಡುವ ಕೆಲಸ ಅವಳದು, ಹುಟ್ಟಿದೂರು ಹುಣಸೇಕಟ್ಟೆ. ಅವಳ ಎಲೆಯಲ್ಲಿ ಸುಣ್ಣ ಹದವಾಗಿರುತ್ತಿತ್ತು, ಮಾತಿನಲ್ಲಿ ಮಾತ್ರ ಒಂದು ಚೂರು ಹೆಚ್ಚು.

"ದೇವರಕಾಡು ಊರಿನವರದಲ್ಲವಾ ಬುದ್ಧಿ?" ಅಂದಳು.

"ಅಲ್ಲಿ ಯಾವನು ಉತ್ತಿದ್ದಾನೆ? ಯಾವನು ಬಿತ್ತಿದ್ದಾನೆ?" ನಾಯಕ ಗುಡುಗಿದ. "ಉಳದೆ ಬಿತ್ತದೆ ತಾನಾಗಿ ಬೆಳೆದು ನಿಂತಿದ್ದೆಲ್ಲ ಬೀಳು. ಬೀಳೆಲ್ಲ ಅರಮನೆಗೆ. ನುಣ್ಣಗೆ ಸವರಿಸಿಬಿಡ್ತೀನಿ. ಇವತ್ತೇ ಡಂಗುರ ಹೊಡೆಸಿ!"

"ಪಾಳೆಯಪಟ್ಟಿನಲ್ಲಿ ಎಲ್ಲಿದ್ದರೂ?"

"ಎಲ್ಲಿದ್ದರೂ!"

"ಯಾರದಾದರೂ?"

"ನಮ್ಮಪ್ಪನದಾದರೂ!"

ಡಂಗುರ ಹೊಡೆದಾಯಿತು. ಮಾರನೆಯ ಬೆಳಗ್ಗೆ ಕೊಡಲಿಯವರು ಅಪ್ಪಣೆಗೆ ಕಾದು ನಿಂತಿರುವಾಗ ತಿಪ್ಪಮ್ಮ ವೀಳ್ಯದ ತಟ್ಟೆ ಹಿಡಿದು ಚಾವಡಿಗೆ ಬಂದಳು. ಹಿಂದೆಯೇ ಕ್ಷೌರದ ಮುದ್ದಯ್ಯ. ಒಂದು ಕೈಯಲ್ಲಿ ನೀರಿನ ಬಟ್ಟಲು, ಇನ್ನೊಂದರಲ್ಲಿ ಕತ್ತಿ, ಮುಖದಲ್ಲಿ ಜೀವವಿರಲಿಲ್ಲ.

"ಇವನ್ಯಾಕೆ ಬಂದ?"

"ಡಂಗುರ ಕೇಳಿ ಬಂದ ಬುದ್ಧಿ. ಅರಮನೆಯಲ್ಲೇ ಒಂದು ಬೀಳಿದೆ. ಸವರೋದು ಇಲ್ಲಿಂದಲೇ ಶುರುವಾದರೆ ಊರವರು ತುಟಿ ಬಿಚ್ಚೋ ಹಾಗಿಲ್ಲ."

"ಅರಮನೆಯಲ್ಲಿ ಬೀಳಾ? ಎಲ್ಲೇ?"

"ದೊರೆಗಳ ಮೂಗಿನ ಕೆಳಗೇ."

ಚಾವಡಿಯ ಕಣ್ಣೆಲ್ಲ ನಾಯಕನ ಮೀಸೆಗೆ ಹೋಯಿತು. ಕೆನ್ನೆ ದಾಟಿ ಕಿವಿ ಮುಟ್ಟುವ ಮೀಸೆ. ಬೆಣ್ಣೆ ಹಚ್ಚಿ ತಿರುವಲಿಕ್ಕೆಂದೇ ಒಬ್ಬ ಆಳು ಬೇರೆ.

"ಯಾರೂ ಉತ್ತಿಲ್ಲ, ಯಾರೂ ಬಿತ್ತಿಲ್ಲ," ಅಂದಳು ತಿಪ್ಪಮ್ಮ. "ತಾನಾಗಿ ಬೆಳೆದು ನಿಂತಿದೆ. ಅದರಿಂದ ಒಂದು ಹಿಡಿ ರಾಗಿ ಬಂದದ್ದನ್ನು ಕಂಡವರಿಲ್ಲ. ಮುದ್ದಯ್ಯ, ನುಣ್ಣಗೆ ಸವರಪ್ಪ."

"ಮುಟ್ಟಿದರೆ ತಲೆ ಹಾರಿಸ್ತೀನಿ!" ನಾಯಕ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. "ಇದು ನನ್ನದು ಕಣೇ! ನಮ್ಮಪ್ಪ, ಅವರಪ್ಪ, ಎಲ್ಲರೂ ಬಿಟ್ಟುಕೊಂಡು ಬಂದಿದ್ದು. ನನ್ನ ಮಾನ ಇದು!"

"ಹುಣಸೇಕಟ್ಟೆಯವರೂ ಹಾಗೇ ಅಂತಾರೆ ಬುದ್ಧಿ. ಅವರ ಮೀಸೆ ಕೊಂಚ ದೊಡ್ಡದು, ಅಷ್ಟೇ. ತಮ್ಮದು ಬೋಳಿಸಿದರೆ ಬರೋ ಹಬ್ಬಕ್ಕೆ ಚಿಗುರುತ್ತೆ, ಅವರದು ಮೊಮ್ಮಕ್ಕಳ ಕಾಲಕ್ಕೂ ಬರಲ್ಲ. ಅಲ್ಲದೆ, ತಮ್ಮ ಮೀಸೆ ನಂಬಿಕೊಂಡು ಯಾರೂ ಬಿಂದಿಗೆ ತರಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಇಡೀ ಚಾವಡಿಗೆ ಒಮ್ಮೆಲೇ ಕೆಮ್ಮು ಹತ್ತಿತು. ನಾಯಕ ಸುತ್ತ ನೋಡಿದ, ಕೊನೆಗೆ ತಾನೂ ನಕ್ಕ.

"ನಾನು ಹೇಳಿದ್ದೇ ಬೇರೆ, ಆ ಡಂಗುರದವನಿಗೆ ಕೇಳಿಸಿದ್ದೇ ಬೇರೆ! ದೇವರಕಾಡು ಅಂತ ನಾನೆಲ್ಲಿ ಅಂದೆ? ಕೊಡಲಿಯವರು ಮನೆಗೆ ಹೋಗಲಿ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಜಾಣೆ ಕಣೇ ನೀನು! ಬಳೆಯೋ ಸೀರೆಯೋ, ಏನು ಕೇಳಿದರೂ ಕೊಟ್ಟೆ ಅಂತ ತಿಳಿ."

"ಒಂದು ಕಲ್ಲು ಕೊಡಿ ಬುದ್ಧಿ."

"ಕಲ್ಲಾ?"

"ಈ ಕಾಡು ಹತ್ತು ಸಮಸ್ತರದು, ಕಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ ಅಂತ ಕೆತ್ತಿಸಿ ಊರ ಮುಂದೆ ನೆಡಿಸಿ."

ನಾಯಕನ ಮುಖ ಸಣ್ಣಗಾಯಿತು. "ನಾನೇ ಬಾಯಿಬಿಟ್ಟು ಹೇಳಿದ ಮೇಲೆ ಕಲ್ಲು ಯಾಕೆ?"

ತಿಪ್ಪಮ್ಮ ವೀಳ್ಯ ಮಡಿಸಿ ಮುಂದೆ ಹಿಡಿದಳು.

"ಡಂಗುರದವನಿಗೆ ಬೇರೇನೋ ಕೇಳಿಸುತ್ತೆ ಅಂತ ತಾವೇ ಅಂದಿರಲ್ಲ. ಕಲ್ಲಿಗೆ ಕಿವಿಯೇ ಇಲ್ಲ ಬುದ್ಧಿ, ಒಮ್ಮೆ ಕೆತ್ತಿದ್ದನ್ನೇ ಹೇಳ್ತಾ ಇರುತ್ತೆ."