ಅರ್ಧ ಕಾಡು ಉಳಿಸಿದ ಪಂಡಿತ

"ಮೇಡಂ, ಸಮಿತಿಯಲ್ಲಿ ಕೂತು ಕಾಡನ್ನು ಒಂದಿಷ್ಟಾದರೂ ಉಳಿಸುವುದು ಮೇಲೋ, ಹೊರಗೆ ನಿಂತು ಎಲ್ಲವನ್ನೂ ಕಳೆದುಕೊಳ್ಳುವುದು ಮೇಲೋ?"

ಕೇಳಿದವನು ಬಸವಂತ. ವಿಶ್ವವಿದ್ಯಾಲಯದಲ್ಲಿ ಅರಣ್ಯ ಸಂರಕ್ಷಣೆ ಓದಿ, ಈಗ ಅಲ್ಲೇ ಪರಿಸರ ನೀತಿಯ ಪಾಠ ಹೇಳುತ್ತಿದ್ದ. ಗುಡ್ಡವೊಂದರ ಗಣಿಗೆ ಒಪ್ಪಿಗೆ ಕೊಡುವ ಸಮಿತಿಗೆ ಅವನನ್ನು ಕರೆದಿದ್ದರು. ಅವನಿಗೆ ಕಲಿಸಿದ್ದ ನೀಲಾಂಬಿಕೆಯವರು ಉತ್ತರವಾಗಿ ಒಂದು ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ರಾಜನ ವಿದ್ಯಾಪೀಠದಲ್ಲಿ ಕಾಡು ಕಾಯುವ ಧರ್ಮವನ್ನು ಬೋಧಿಸುತ್ತಿದ್ದ. ಒಮ್ಮೆ ಒಬ್ಬ ವ್ಯಾಪಾರಿ, ಊರೊಂದರ ನೆತ್ತಿಯ ಮೇಲಿದ್ದ ಗುಡ್ಡದ ಕಾಡು ತನಗೆ ಬೇಕೆಂದ. ರಾಜ ಪಂಡಿತನನ್ನು ಸಭೆಗೆ ಕರೆಸಿದ. ಆ ಸುದ್ದಿ ಕೇಳಿ ಊರಿನವರು, ಇನ್ನು ಭಯವಿಲ್ಲ ಎಂದುಕೊಂಡರು.

ಪಂಡಿತನಿಗೆ ಬೇಡ ಎನ್ನುವ ಮನಸ್ಸಿತ್ತು. ಬೇಡ ಎಂದರೆ ತನ್ನನ್ನು ಎಬ್ಬಿಸಿ, ಎಲ್ಲದಕ್ಕೂ ತಲೆಯಾಡಿಸುವವನನ್ನು ಕೂರಿಸುತ್ತಾರೆ ಎಂಬ ಅಂಜಿಕೆಯೂ ಇತ್ತು. ಹಗಲೆಲ್ಲ ವಾದಿಸಿದ. ಕೊನೆಗೆ, "ಅರ್ಧ ಕಡಿಯಲಿ" ಎಂದ. ವ್ಯಾಪಾರಿ ತಕರಾರಿಲ್ಲದೆ ಕೈಮುಗಿದ.

ಕೆಲವು ವರ್ಷ ಕಳೆದು ವ್ಯಾಪಾರಿ ಮತ್ತೆ ಬಂದ. ಪಂಡಿತ ಉಳಿದುದರಲ್ಲಿ ಅರ್ಧ ಕೊಟ್ಟ, ಅರ್ಧ ಉಳಿಸಿದ. ಆಮೇಲೂ ಹಾಗೆಯೇ ಆಯಿತು. ಪ್ರತಿ ಸಲವೂ ಅವನು ಹೆಣಗಿದ್ದು ನಿಜ, ಉಳಿಸಿದ್ದೂ ನಿಜ. ಶಿಷ್ಯರಿಗೂ ಅದನ್ನೇ ವಿವೇಕವೆಂದು ಕಲಿಸಿದ.

ಒಂದು ಮಳೆಗಾಲ ಗುಡ್ಡ ಜಾರಿತು. ಊರಿನ ಮೇಲುಕೇರಿ ಮಣ್ಣಿನಡಿ ಹೋಯಿತು. ಪಂಡಿತ ಓಡಿಬಂದಾಗ ಒಬ್ಬ ರೈತ ಕೆಸರು ಅಗೆಯುತ್ತಿದ್ದ. ಹೆಂಡತಿಯ ಹೆಣ ಸಿಕ್ಕಿತ್ತು. ಮಗಳು ಇನ್ನೂ ಸಿಕ್ಕಿರಲಿಲ್ಲ.

"ನಾನಿಲ್ಲದಿದ್ದರೆ ಮೊದಲ ಸಲವೇ ಇಡೀ ಕಾಡು ಹೋಗುತ್ತಿತ್ತಪ್ಪಾ" ಎಂದ ಪಂಡಿತ. ಅಂದವನು ತನ್ನ ಮಾತಿಗೆ ತಾನೇ ಹೇಸಿದ.

ರೈತ ತಲೆಯೆತ್ತಲಿಲ್ಲ. "ನಿಮ್ಮನ್ನು ನಾನು ದೂರುತ್ತಿಲ್ಲ ಸ್ವಾಮಿ. ಮರ ಬೀಳುವ ಸದ್ದು ಕೇಳಿದಾಗಲೇ ಇವಳು, ಈ ಜಾಗ ಬಿಟ್ಟು ಹೋಗೋಣ ಅಂದಿದ್ದಳು. ಪಂಡಿತರೇ ಅಲ್ಲಿ ಕೂತಿದ್ದಾರೆ, ನೀನು ಸುಮ್ಮನಿರು ಅಂತ ಬಾಯಿ ಮುಚ್ಚಿಸಿದವನು ನಾನು."

ಪಂಡಿತ ಗುದ್ದಲಿ ಕೇಳಿದ. ರೈತ ಕೊಡಲಿಲ್ಲ. ಪಂಡಿತ ಕೆಸರಿನಲ್ಲಿ ಮೊಣಕಾಲೂರಿ ಬರಿಗೈಯಲ್ಲೇ ಬಗೆಯತೊಡಗಿದ. ಉಗುರು ಕಿತ್ತು ರಕ್ತ ಬಂತು. ಹೊತ್ತು ಇಳಿಯುವಾಗ ಆ ಮಗು ಸಿಕ್ಕಿದ್ದು ಅವನ ಕೈಗೇ.

ನೀಲಾಂಬಿಕೆಯವರು ಅಲ್ಲಿಗೆ ನಿಲ್ಲಿಸಿದರು. ಬಸವಂತನಿಗೆ ಸಮಾಧಾನವಾಗಲಿಲ್ಲ.

"ಅವನು ಬೇಡ ಎಂದಿದ್ದರೆ ಕಾಡು ಉಳಿಯುತ್ತಿತ್ತೇ ಮೇಡಂ?"

"ಕಾಡಿನ ಮಾತು ಹೇಳಲಾರೆ; ಆ ರೈತನ ಮನೆಯಲ್ಲಿ ಹೆಂಡತಿಯ ಮಾತು ನಡೆಯುತ್ತಿತ್ತು."