ಮೊದಲ ಸಾಲು

ಹೊಳೆಯ ಮೇಲೆ ಮಂಜು ಮಲಗಿತ್ತು. ಅದರೊಳಗಿಂದ ಹರಿಗೋಲು ಬಂತು. ಹರಿಗೋಲಿನಿಂದ ಹುಲಿಗೆವ್ವ ಇಳಿದಳು.

ಆಶ್ರಮದ ಕಟ್ಟೆಯ ಮೇಲೆ ಸಂಕಯ್ಯಜ್ಜ ಕೂತಿದ್ದರು. ಪಕ್ಕದಲ್ಲಿ ಶಿಷ್ಯ ಮಾಳಿಂಗ. ಆಶ್ರಮದ ಜಾಲತಾಣ ಕಟ್ಟಿದವನು ಅವನೇ.

"ನಿನ್ನೆ ಗಂಡಗ ಹಾವು ಕಡೀತು," ಅಂದಳು ಹುಲಿಗೆವ್ವ. "ಔಷಧ ಯಾವ ದವಾಖಾನ್ಯಾಗ ಐತಿ ಅಂತ ನಿಮ್ಮ ತಾಣದಾಗ ಕೇಳಿದೆ. ಅಜ್ಜಾರ ಫೋಟೋ ಬಂತು. ಮತ್ತ ಒತ್ತಿದೆ. ಮತ್ತ ಅಜ್ಜಾರು. ನಗಾಕತ್ತಿದ್ರು."

"ಈಗ ಹ್ಯಾಂಗದಾನವ್ವ?" ಅಜ್ಜ ಕೇಳಿದರು.

"ಉಸಿರೈತಿ. ಕಾಲು ಉಳೀತೈತೋ ಇಲ್ಲೋ, ಡಾಕ್ಟರು ಹೇಳವಲ್ರು."

ಮಾಳಿಂಗನ ಮುಖ ಕಪ್ಪಿಟ್ಟಿತು. "ಆ ಪುಟ ಐತ್ರಿ ಅಜ್ಜಾ! ಅದಕ್ಕ ಕಂಟ್ರೋಲರ್ ಅನ್ನೂ ಪ್ರೋಗ್ರಾಂ ಬರದೀನಿ. ಕೇಳಿದವರಿಗೆ ದವಾಖಾನಿ ಪಟ್ಟಿ ತಂದು ತೋರಸತೈತಿ. ಅದರಾಗ ತಪ್ಪಿಲ್ಲ."

ಅಜ್ಜ ಎದ್ದು ಮಾಳಿಂಗನನ್ನು ಕರೆದರು. "ಬಾ, ಹರಿಗೋಲು ಹತ್ತು."

ಹುಲಿಗೆವ್ವ ದಡದಲ್ಲೇ ಉಳಿದಳು. ನಡುಹೊಳೆಯಲ್ಲಿ ಅಜ್ಜ ಹುಟ್ಟು ಹಾಕುವುದನ್ನು ನಿಲ್ಲಿಸಿದರು. ಹರಿಗೋಲು ಮೆಲ್ಲಗೆ ಸುತ್ತತೊಡಗಿತು. ದಡ ಯಾವುದು, ಆಕಾಶ ಯಾವುದು, ತಿಳಿಯಲಿಲ್ಲ. ಮಾಳಿಂಗನಿಗೆ ನಿದ್ದೆಯಲ್ಲಿ ತೇಲಿದಂತಾಯಿತು.

ಕಾಲಿಗೆ ತಣ್ಣಗಾಯಿತು.

"ಅಜ್ಜಾ, ನೀರು ಒಳಗ ಬರಾಕತ್ತೈತಿ! ಆ ಬೋಗುಣಿ ಕೊಡ್ರಿ, ಎತ್ತಿ ಹಾಕತೀನಿ."

ಅಜ್ಜ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡರು. "ಗುರುಗಳು ಹುಟ್ಟಿದ್ದು ಹುಣ್ಣಿಮೆಯ ದಿನ."

"ಅಜ್ಜಾ, ಬೋಗುಣಿ!"

"ಅವರು ಹುಟ್ಟಿದಾಗ ಬತ್ತಿದ ಬಾವಿ ತುಂಬಿ ಹರಿಯಿತು."

ನೀರು ಮೊಣಕಾಲಿಗೆ ಬಂತು. ಮಾಳಿಂಗನಿಗೆ ಆಗ ಹೊಳೆಯಿತು. ಆ ಮಾತುಗಳು ಅವನವೇ. ಅಜ್ಜರನ್ನು ಹೊಗಳುವ ಗುರುಮಹಿಮೆಯ ಪುಟಕ್ಕೆ ಅವನೇ ಬರೆದದ್ದು.

ಅಜ್ಜ ಬೋಗುಣಿ ಕೊಟ್ಟರು.

ದಡ ಸೇರಿದ ಮೇಲೆ, ಒದ್ದೆ ಬಟ್ಟೆಯಲ್ಲೇ ಅವನು ಕಂಪ್ಯೂಟರಿನಲ್ಲಿ ತಾಣದ ರೂಟಿಂಗ್ ಪಟ್ಟಿ ತೆರೆದ. ಯಾವ ವಿಳಾಸ ಕೇಳಿದವರನ್ನು ಯಾವ ಕಂಟ್ರೋಲರ್ ಬಳಿ ಕಳಿಸಬೇಕು ಅನ್ನುವ ಪಟ್ಟಿ. ತಾಣ ಅದನ್ನು ಮೇಲಿನಿಂದ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿದೊಡನೆ ಓದು ನಿಲ್ಲಿಸುತ್ತದೆ.

ಹೋದ ವಾರ ಭಕ್ತಿ ಉಕ್ಕಿ ಅವನು ಎಲ್ಲಕ್ಕೂ ಮೇಲೆ ಒಂದು ಸಾಲು ಸೇರಿಸಿದ್ದ: ಯಾರು ಏನೇ ಕೇಳಲಿ, ಗುರುಮಹಿಮೆಗೆ ಕಳಿಸು.

ಹಾವು ಕಡಿತದ ಸಾಲು ಅದರ ಕೆಳಗಿತ್ತು. ಅದರ ಕಂಟ್ರೋಲರ್ ದವಾಖಾನೆಗಳ ಪಟ್ಟಿ ಹಿಡಿದು ಕಾಯುತ್ತಲೇ ಇತ್ತು. ಅದರ ತನಕ ಒಬ್ಬರೂ ತಲುಪಿರಲಿಲ್ಲ.

ಮಾಳಿಂಗ ಹುಲಿಗೆವ್ವನ ಕಡೆ ತಿರುಗಿ ಕೈಮುಗಿದ.

"ಕೈ ಯಾಕ ಮುಗೀತಿ?" ಅಂದಳು ಅವಳು. "ಅದನ್ನ ಸರಿ ಮಾಡು. ನಮ್ಮೂರಾಗ ಇನ್ನೂ ಹಾವದಾವ."

ಅವನು ಆ ಸಾಲನ್ನು ಕಿತ್ತ. ಕಿತ್ತದ್ದನ್ನು ಬಿಸಾಡಲು ಮನಸ್ಸಾಗದೆ ಕೇಳಿದ:

"ಅಜ್ಜಾ, ನಿಮ್ಮ ಸಾಲು ಎಲ್ಲಿಡಲ್ರಿ?"

ಹುಲಿಗೆವ್ವ ಹೊಳೆಯ ಕಡೆ ನಡೆದಿದ್ದಳು. ಅಜ್ಜ ಹರಿಗೋಲಿನ ತೂತಿಗೆ ಬಟ್ಟೆ ತುರುಕಿ, ಅದನ್ನು ಹಿಡಿದು ನಿಲ್ಲಿಸಿದರು.

"ಅಕಿ ದಾಟಲಿ. ಎಲ್ಲಾರೂ ದಾಟಲಿ. ಆಮ್ಯಾಲ ಜಾಗ ಉಳಿದ್ರ ನೋಡೂಣು."